ಭಾವನ ವಾಯುನೆಲೆ

ಜಗತ್ತಿನ ದೊಡ್ಡ ದೊಡ್ಡ ಸೇನಾಧಿಕಾರಿಗಳ ತಲೆಯನ್ನು ತಣ್ಣಗಿಟ್ಟಿರುವವರು ಯಾರು ಎಂದು ಯಾರಾದರೂ ಕೇಳಿದರೆ, ನಾನು ಎದೆ ತಟ್ಟಿಕೊಂಡು ಹೇಳುತ್ತೇನೆ: ನನ್ನ ಭಾವ! ನಗಬೇಡಿ, ಇದರಲ್ಲಿ ಉತ್ಪ್ರೇಕ್ಷೆ ಸ್ವಲ್ಪವೇ. ದೋಹಾದಿಂದಾಚೆ ಮರುಭೂಮಿಯಲ್ಲಿ ಒಂದು ಭಾರೀ ವಾಯುನೆಲೆ ಇದೆ. ಅಲ್ಲಿ ಹಲವು ದೇಶಗಳ ಅಧಿಕಾರಿಗಳು ಒಟ್ಟಿಗೆ ಕೂತು ನಕ್ಷೆ ನೋಡುತ್ತಾರೆ. ಹೊರಗೆ ಕಬ್ಬಿಣ ಮುಟ್ಟಿದರೆ ಬೊಬ್ಬೆ ಏಳುವ ಬಿಸಿಲು. ಒಳಗೆ ತಲೆ ಕಾದರೆ ಜಗತ್ತಿನ ಗತಿ ಏನಾಗಬೇಡ? ಅದಕ್ಕೇ ನನ್ನ ಭಾವ ಇರುವುದು. ಅವರು ಅಲ್ಲಿ ಎ.ಸಿ. ಮೆಕ್ಯಾನಿಕ್.

ಅಕ್ಕನ ಮದುವೆ ಮಾತುಕತೆಯ ಕಾಲದಲ್ಲಿ, ಹುಡುಗ ಕತಾರಿನಲ್ಲಿ ಮಿಲಿಟರಿಯವರ ಜಾಗದಲ್ಲಿ ಕೆಲಸ ಮಾಡುತ್ತಾನೆ ಎಂದು ಯಾರೋ ಹೇಳಿದ್ದರು. ಮೈಸೂರಿನಲ್ಲಿ ನೆಲೆಸಿದ್ದ ನಮ್ಮ ಚಿಕ್ಕಪ್ಪನಿಗೆ ಕಿವಿ ಸ್ವಲ್ಪ ಮಂದ. ಅವರಿಗೆ ಕೇಳಿಸಿದ್ದು ‘ಮಿಲಿಟರಿ’ ಮಾತ್ರ. ‘ಹೋಟೆಲ್’ ಎಂಬುದನ್ನು ಅವರ ನಾಲಿಗೆಯೇ ಸೇರಿಸಿಕೊಂಡಿತು. ಮದುವೆ ಮಂಟಪದಲ್ಲೇ ಮದುಮಗನನ್ನು ಕೇಳಿಬಿಟ್ಟರು: “ಏನಪ್ಪಾ, ಕಾಲು ಸೂಪ್ ಚೆನ್ನಾಗಿ ಮಾಡ್ತೀಯಂತೆ?”

ಭಾವ ಗಂಭೀರವಾಗಿ ಯೋಚಿಸಿದರು. ಅವರು ಯಾವ ಪ್ರಶ್ನೆಗಾದರೂ ಗಂಭೀರವಾಗಿಯೇ ಯೋಚಿಸುತ್ತಾರೆ.

“ಸೂಪ್ ಗೊತ್ತಿಲ್ಲ ಮಾವ. ಆದರೆ ಸೂಪ್ ಕುಡಿಯುವವರಿಗೆ ಗಾಳಿ ಚೆಂದ ಬರುವ ಹಾಗೆ ಮಾಡ್ತೇನೆ.”

ನಾನು ಕೆಲಸ ಹುಡುಕಿಕೊಂಡು ಕತಾರಿಗೆ ಬಂದಾಗ ಅಲ್ ಅಜೀಜಿಯಾ ಬಡಾವಣೆಯ ಅವರ ಪುಟ್ಟ ಮನೆಯಲ್ಲೇ ಉಳಿದೆ. ಕೆಲಸ ಸಿಕ್ಕಿದ ಮೇಲೂ ಉಳಿದೆ. ಭಾವ “ಯಾವಾಗ ಹೋಗ್ತೀ?” ಎಂದು ಕೇಳುವ ಜಾತಿಯಲ್ಲ. ನಾನು ಬಂದಿದ್ದೇನೆ ಎಂಬುದು ಅವರ ಗಮನಕ್ಕೆ ಬರಲಿಕ್ಕೇ ಕೆಲವು ವಾರ ಹಿಡಿದಿರಬೇಕು! ಅವರ ಅರ್ಧ ಮನಸ್ಸು ಸದಾ ಆಕಾಶದಲ್ಲಿರುತ್ತಿತ್ತು.

ಉಳಿದರ್ಧ ಮನಸ್ಸಿಗೆ ಬೀಗ. ವಾಯುನೆಲೆಯ ಗೇಟಿನಲ್ಲಿ ಫೋನು ಇಟ್ಟು ಹೋಗಬೇಕು. ಒಳಗಿನ ವಿಷಯ ಹೊರಗೆ ಹೇಳಬಾರದು. ಎಲ್ಲರಿಗೂ ಇರುವ ನಿಯಮವೇ. ಆದರೆ ಭಾವ ಅದನ್ನು ಪಾಲಿಸುತ್ತಿದ್ದ ರೀತಿಯೇ ಬೇರೆ.

“ಮಧ್ಯಾಹ್ನ ಎಂತ ಊಟ ಮಾಡಿದ್ರಿ?” ಎಂದು ಅಕ್ಕ ಕೇಳುತ್ತಿದ್ದಳು.

“ಹೇಳ್ಲಿಕ್ಕೆ ಆಗುದಿಲ್ಲ ಮಾರಾಯ್ತಿ. ಸೆಕ್ಯುರಿಟಿ.”

“ಡಬ್ಬಿ ಕಟ್ಟಿಕೊಟ್ಟದ್ದೇ ನಾನಲ್ವಾ?”

“ಹಾಗಾದ್ರೆ ನಿನಗೆ ಗೊತ್ತುಂಟಲ್ಲ! ಮತ್ತೆ ಯಾಕೆ ಕೇಳುದು?”

ಹೀಗಿದ್ದರೂ ರಜೆಯ ದಿನ, ಚಾ ಎರಡನೇ ಲೋಟಕ್ಕೆ ಬಂದಾಗ, ಆ ಬೀಗ ತಾನಾಗಿ ಸಡಿಲವಾಗುತ್ತಿತ್ತು. ಆಗಲೂ ಅವರು ಹೇಳುತ್ತಿದ್ದದ್ದು ಯಾವ ಗೂಢಚಾರನಿಗೂ ಉಪಯೋಗಕ್ಕೆ ಬರುವಂಥದ್ದಲ್ಲ. “ಅದೊಂದು ಊರೇ ಮಾರಾಯ. ಆಸ್ಪತ್ರೆ ಉಂಟು, ಈಜುಕೊಳ ಉಂಟು, ಅಂಗಡಿ ಉಂಟು. ವಿಮಾನ ನಿಲ್ಲಿಸುವ ಒಂದು ಹ್ಯಾಂಗರಿನ ಒಳಗೆ ನಿಂತು ಮೇಲೆ ನೋಡಿದ್ರೆ ಮೋಡ ಒಂದು ಕಡಿಮೆ, ಅಷ್ಟು ಎತ್ತರ. ಆದರೆ ಚೆಂದ ಇರುದು ರನ್‌ವೇ. ಬಿಸಿಲಿಗೆ ಅದರ ಆ ತುದಿ ನೀರಾಗಿ ಬಿಡ್ತದೆ. ದೊಡ್ಡ ವಿಮಾನ ಇಳಿಯುವಾಗ ನೆಲಕ್ಕೆ ಇಳಿದ ಹಾಗೆ ಕಾಣುದಿಲ್ಲ. ದೋಣಿ ದಡಕ್ಕೆ ಬಂದ ಹಾಗೆ, ಮೆಲ್ಲ, ತೇಲಿಕೊಂಡು...” ಎನ್ನುತ್ತ ಅವರೂ ಎಲ್ಲಿಗೋ ತೇಲಿಹೋಗುತ್ತಿದ್ದರು. ಚಾ ಆರುತ್ತಿತ್ತು. ನಾನೂ ಕಿಟಕಿಯಾಚೆ ನೋಡುತ್ತಿದ್ದೆ. ಎದುರು ಕಟ್ಟಡದ ನೀರಿನ ಟ್ಯಾಂಕಿಯೂ ಒಂದು ಕ್ಷಣ ತೇಲಿದಂತೆ ಕಾಣುತ್ತಿತ್ತು.

“ಕೆಲವು ವಿಮಾನ ಆಕಾಶದಲ್ಲೇ ಬೇರೆ ವಿಮಾನಕ್ಕೆ ಎಣ್ಣೆ ಕುಡಿಸ್ತದೆ, ಗೊತ್ತುಂಟಾ? ದನ ಕರುವಿಗೆ ಹಾಲು ಕೊಟ್ಟ ಹಾಗೆ. ಹಾರ್ತಾ ಹಾರ್ತಾ!”

“ಕರು ಒದೆಯುದಿಲ್ವಾ?” ಎಂದಳು ಅಕ್ಕ.

ಭಾವ ಮತ್ತೆ ಗಂಭೀರವಾಗಿ ಯೋಚನೆಗೆ ಬಿದ್ದರು.

ಅವರ ಜೊತೆ ಸೂಕ್ ವಾಕಿಫ್ ಎಂಬ ಹಳೇ ಪೇಟೆಗೆ ಹೋಗುವುದೆಂದರೆ ನಮಗೆ ಪರೀಕ್ಷೆ. ಒಮ್ಮೆ ಮಸಾಲೆ ಅಂಗಡಿಯ ಮುಂದೆ ಆಕಾಶದಲ್ಲಿ ಗುಡುಗುಡು ಸದ್ದಾಯಿತು. ಕೈಯಲ್ಲಿ ಒಣ ನಿಂಬೆಯ ಪೊಟ್ಟಣ ಹಿಡಿದು ಭಾವ ಕತ್ತೆತ್ತಿ ನಿಂತರು. ಪಕ್ಕದವನೂ ನೋಡಿದ. ಅವನನ್ನು ನೋಡಿ ಇಬ್ಬರು ಪ್ರವಾಸಿಗಳು, ಅವರನ್ನು ನೋಡಿ ಸಾಮಾನು ಹೊರುವ ಕೈಗಾಡಿಯ ಅಜ್ಜ, ಕೊನೆಗೆ ಅಂಗಡಿಯವನೂ ತಕ್ಕಡಿ ಬಿಟ್ಟು ಹೊರಗೆ ಬಂದ! ಓಣಿಯ ಜನವೆಲ್ಲ ಬಾಯಿ ತೆರೆದು ಮೇಲೆ ನೋಡುತ್ತಿದ್ದರು. ಮೇಲೆ ಏನಿತ್ತು? ಏನೂ ಇರಲಿಲ್ಲ.

“ಹೋಯ್ತು. ಅದು ನಮ್ಮದು,” ಎಂದರು ಭಾವ, ಮನೆಯ ಹಸು ಮೇಯಲು ಹೋದಷ್ಟು ಸಮಾಧಾನದಿಂದ.

“ನಮ್ಮದಾ?” ಅಕ್ಕ ರೇಗಿದಳು. “ನಮ್ಮದಾದ್ರೆ ಊರಿಗೆ ಹೋಗ್ಲಿಕ್ಕೆ ಟಿಕೆಟ್ ಯಾಕೆ ಮಾಡುದು ನಾವು?”

ಇನ್ನೊಂದು ಸಂಜೆ ಭಾವ ನಮ್ಮನ್ನು ಕಾರಿನಲ್ಲಿ ಕೂರಿಸಿಕೊಂಡು ಮರುಭೂಮಿಯ ರಸ್ತೆಯಲ್ಲಿ ಬಹುದೂರ ಹೋಗಿ ನಿಲ್ಲಿಸಿದರು. ವಾಯುನೆಲೆಯ ಬೇಲಿಯೂ ಕಾಣದಷ್ಟು ದೂರ. ಧೂಳಿನ ಹಿಂದೆ ಸೂರ್ಯ ಮಾಗಿದ ಹಣ್ಣಿನಂತೆ ಇಳಿಯುತ್ತಿದ್ದ. ಆ ಕೆಂಪಿನೊಳಗಿಂದ ಒಂದು ವಿಮಾನ ಸದ್ದಿಲ್ಲದೆ ಎದ್ದಿತು. ಸದ್ದು ಆಮೇಲೆ, ನೆನಪಾದವರಂತೆ, ನಿಧಾನವಾಗಿ ಬಂತು. ನಾವು ಮೂವರೂ ಕತ್ತು ಚಾಚಿ ನೋಡುತ್ತ ಕೂತಿದ್ದೆವು. ಅಷ್ಟರಲ್ಲಿ ಪೊಲೀಸ್ ಗಾಡಿ ಬಂತು!

“ಯಲ್ಲಾ, ಯಲ್ಲಾ! ನಡಿ, ಇಲ್ಲಿ ನಿಲ್ಲಬಾರದು,” ಎಂದು ಪೊಲೀಸ್ ಮುರುಕು ಹಿಂದಿಯಲ್ಲಿ ಗದರಿಸಿದ. “ಏನು ನೋಡ್ತಿದ್ದೀಯ?”

ಭಾವ ಗುರುತಿನ ಚೀಟಿ ತೋರಿಸಿದರು. “ವಿಮಾನ. ನಾನು ಅಲ್ಲೇ ಎ.ಸಿ. ಕೆಲಸ ಮಾಡುವುದು.”

“ದಿನಾ ಅಲ್ಲೇ ಇರ್ತೀಯ, ಮತ್ತೆ ಇಲ್ಲಿಂದ ಯಾಕೆ ನೋಡೋದು?”

“ಅಲ್ಲಿ ನನ್ನ ತಲೆ ಯಾವಾಗಲೂ ಎ.ಸಿ. ಡಕ್ಟಿನ ಕೊಳವೆಯ ಒಳಗಿರ್ತದೆ ಸಾರ್. ಏನೂ ಕಾಣುದಿಲ್ಲ.”

ಪೊಲೀಸ್ ಹೊಟ್ಟೆ ಹಿಡಿದು ನಕ್ಕ. ಬಿಟ್ಟು ಕಳಿಸಿದನೇ? ಇಲ್ಲ! ತನ್ನ ಗಾಡಿಯ ಎ.ಸಿ. ಯಾಕೋ ಬಿಸಿ ಗಾಳಿ ಊದುತ್ತಿದೆ, ಸ್ವಲ್ಪ ನೋಡಿಕೊಡು ಎಂದ. ನೋಡಿಕೊಟ್ಟ ಮೇಲೆಯೇ ನಮಗೆ ಬಿಡುಗಡೆ.

ಆಮೇಲೆ ಬಂತು ಕೊರೋನಾ ಮಾಸ್ಕ್ ಹಾಕಿಕೊಂಡಿದ್ದ ಆ ಆಗಸ್ಟ್. ಸರಕಾರ ಬಿದ್ದ ಕಾಬೂಲಿನಿಂದ ಓಡಿಬಂದ ಜನರನ್ನು ತುಂಬಿಕೊಂಡ ಸರಕು ವಿಮಾನಗಳು ಒಂದರ ಹಿಂದೊಂದು ಭಾವನ ವಾಯುನೆಲೆಗೆ ಇಳಿಯತೊಡಗಿದವು. ನಾವು ಟಿ.ವಿ.ಯಲ್ಲಿ ನೋಡುತ್ತಿದ್ದೆವು. ಭಾವ ಮನೆಗೆ ಬರುವುದು ನಿಂತಿತು. ಕಂಪೆನಿಯ ಕ್ಯಾಂಪಿನಲ್ಲೇ ಮಲಗಿ ಏಳುತ್ತಿದ್ದರು. ಆಗೊಮ್ಮೆ ಈಗೊಮ್ಮೆ ಫೋನು. “ಹ್ಯಾಂಗರಿನಲ್ಲಿ ಜನ ಉಂಟು. ತುಂಬಾ ಸೆಕೆ. ಕೂಲರ್ ಹಾಕ್ತಾ ಇದ್ದೇವೆ,” ಎಂದಷ್ಟೇ ಹೇಳಿ ಇಟ್ಟುಬಿಡುತ್ತಿದ್ದರು. ವಿಮಾನ ನಿಲ್ಲಬೇಕಾದ ಜಾಗದಲ್ಲಿ ಮಂಚಗಳನ್ನು ಹಾಸಿ ಮಕ್ಕಳನ್ನು ಮಲಗಿಸಿದ್ದರಂತೆ. ಅಕ್ಕ ಊಟ ಏನು ಮಾಡಿದ್ರಿ ಎಂದು ಕೇಳುವುದನ್ನು ಬಿಟ್ಟಳು.

ಒಂದು ಮಧ್ಯಾಹ್ನ ಕರೆಗಂಟೆ ಸದ್ದಾಯಿತು. ಬಾಗಿಲು ತೆರೆದ ಅಕ್ಕ “ಅಯ್ಯೋ!” ಎಂದಳು. ಭಾವ ನಿಂತಿದ್ದರು. ಗಡ್ಡ ಬೆಳೆದಿತ್ತು. ಕಾಲಲ್ಲಿ ಶೂ ಇರಲಿಲ್ಲ. ಕಪ್ಪಗಾದ ಕಾಲುಚೀಲ, ಅದರ ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡಿದ್ದರು. ನನಗೆ ನಗು ಬಂತು.

“ಶೂ ಎಲ್ಲಿ?” ಎಂದಳು ಅಕ್ಕ.

“ಕೊಟ್ಟೆ.”

“ಯಾರಿಗೆ?”

ಭಾವ ಸೋಫಾದ ಮೇಲೆ ಕೂತರು. ನಿಧಾನವಾಗಿ ಹೇಳಿದರು. ಕೆಲಸ ಮುಗಿಸಿ ಬಸ್ಸಿಗೆ ಹೊರಟಿದ್ದರಂತೆ. ಒಂದು ವಿಮಾನದ ಹಿಂಬಾಗಿಲು ಇಳಿಜಾರಾಗಿ ನೆಲಕ್ಕೆ ತೆರೆಯಿತು. ಜನ ಇಳಿಯತೊಡಗಿದರು. ಮೊಮ್ಮಗುವನ್ನು ಹೆಗಲಿಗೆ ಹಾಕಿಕೊಂಡ ಒಬ್ಬರು ಮುದುಕರು ಇಳಿಜಾರಿನ ಕೊನೆಗೆ ಬಂದು ನಿಂತುಬಿಟ್ಟರು. ಬರಿಗಾಲು. ಕಾದ ಕಾಂಕ್ರೀಟಿಗೆ ಒಂದು ಪಾದ ಇಟ್ಟರು, ಎಳೆದುಕೊಂಡರು. ಮತ್ತೆ ಇಟ್ಟರು, ಎಳೆದುಕೊಂಡರು. ಹಿಂದೆ ಜನ ಕಾಯುತ್ತಿದ್ದರು.

“ನಾನು ಹೋಗಿ ಶೂ ಬಿಚ್ಚಿದೆ. ಬೇಡ ಬೇಡ ಅಂದ್ರು. ಅವರ ಭಾಷೆ ನನಗೆ ಬರುದಿಲ್ಲ. ಖಲಾಸ್, ಖಲಾಸ್, ಆಯ್ತು ಸಾಕು ಅಂತ ಹೇಳಿ ನಾನೇ ಕೂತು ಹಾಕಿಸಿದೆ. ಲೇಸು ಕಟ್ಟಿದೆ. ಮಗು ನಿದ್ದೆಯಲ್ಲಿತ್ತು.”

“ಆ ಬಿಸಿಲಲ್ಲಿ ನೀವು ಹೇಗೆ...” ಎಂದಳು ಅಕ್ಕ.

“ನನಗೆಂತ? ನಾನು ಮನೆಗೆ ಬರುದಲ್ವಾ,” ಎಂದರು ಭಾವ. “ಅವರಿಗೆ ಇನ್ನು ಎಲ್ಲಿಗೆ ಹೋಗುದು ಅಂತಲೇ ಗೊತ್ತಿರ್ಲಿಲ್ಲ.”

ಅಕ್ಕ ನೆಲದ ಮೇಲೆ ಕೂತು ಪ್ಲಾಸ್ಟಿಕ್ ಚೀಲದ ಗಂಟು ಬಿಚ್ಚಿದಳು. ಅಂಗಾಲಿಗೆ ಅಂಟಿದ್ದ ಕಾಲುಚೀಲವನ್ನು ನೀರು ಹಾಕಿ ಸ್ವಲ್ಪ ಸ್ವಲ್ಪವೇ ಬಿಡಿಸಿದಳು. ನಾನು ಎಣ್ಣೆಯ ಬಾಟಲಿ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಭಾವ ಕೂತಲ್ಲೇ ನಿದ್ದೆ ಹೋಗಿದ್ದರು. ಅಕ್ಕ ಅವರ ಎರಡೂ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು, ಸೆರಗಿನಿಂದ ಮೆಲ್ಲಗೆ ಗಾಳಿ ಬೀಸುತ್ತಿದ್ದಳು.