ಆಬೋಲಿಗೆ ಬಂದ ಸೊರಗು

ಕಾರವಾರದ ಒಂದು ಕಾಲನಿಯ ಹುಲ್ಲುಹಾಸು, ಹೂಗಿಡ ನೋಡಿಕೊಳ್ಳುವ ನೌಕರಿ ನನ್ನದು. ವಾರಕ್ಕೊಂದು ಎಡವಟ್ಟು ಆಗಿಯೇ ಆಗುತ್ತದೆ. ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ಇಪ್ಪತ್ತು ವರ್ಷವಾದರೂ ತಿಳಿದಿಲ್ಲ. ಈ ಸಲ ಚಿತ್ತಾಕುಲದ ನಮ್ಮ ಕೇರಿಯ ಆಬೋಲಿಗೆ, ಅಂದರೆ ಕನಕಾಂಬರಕ್ಕೆ, ಸೊರಗು ರೋಗ ಬಂತು. ಎಲ್ಲರ ಅಂಗಳದಲ್ಲೂ ಗಿಡ ಬಾಡಿತು. ಉಳಿದದ್ದು ನನ್ನ ಹೆಂಡತಿಯ ಒಂದು ಸಾಲು ಮಾತ್ರ. ಅದರ ದಂಡೆ ಮುಡಿಯದೆ ಅವಳು ಹೊರಗೆ ಹೊರಡುವವಳಲ್ಲ. ಅದನ್ನಾದರೂ ಉಳಿಸಿಕೊಡುತ್ತೇನೆ ಎಂದು ಮಾತು ಕೊಟ್ಟಿದ್ದೆ.

ಉಪಚಾರ

ಪಕ್ಕದ ಮನೆಯ ಅಕ್ಕನ ಗಿಡ ಜೋತುಬಿದ್ದಿತ್ತು. ಬುಡದಲ್ಲಿ ನೀರು ನಿಂತಿತ್ತು.

"ಅಕ್ಕಾ, ಬೇರಿಗೆ ರೋಗ. ನೀರು ಹಾಕಿದಷ್ಟೂ ಜಾಸ್ತಿ ಆಗ್ತದೆ. ನಿಲ್ಲಿಸಿ."

"ಆಯ್ತು ತಮ್ಮಾ."

ಮರುದಿನ ನೋಡಿದರೆ ಬುಡ ಮತ್ತೆ ಒದ್ದೆ. ಕೇಳಿದೆ.

"ನೀರು ಹಾಕ್ಲಿಲ್ಲಪ್ಪ, ಗಂಜಿ ತಿಳಿ ಹಾಕಿದೆ. ನಿಂಗೆ ಜ್ವರ ಬಂದ್ರೂ ಅದೇ ಕೊಡೂದಲ್ವಾ?"

ಸುಣ್ಣದ ಗೆರೆ

ಕಾಲನಿಯ ಹುಲ್ಲುಹಾಸಿನಲ್ಲಿ ದುಂಡಗೆ ಕಂದು ಕಲೆಗಳು ಎದ್ದವು. ಶಿಲೀಂಧ್ರ. ಸಂಜೆ ನೀರು ಬಿಡುವುದು ನಿಲ್ಲಿಸಿ, ಯಾರೂ ತುಳಿಯದಿರಲಿ ಎಂದು ಪ್ರತಿ ಕಲೆಯ ಸುತ್ತ ಸುಣ್ಣದ ಗೆರೆ ಎಳೆಸಿದೆ. ಬೆಳಿಗ್ಗೆ ಹೋದರೆ ಯೋಗದ ಗುಂಪಿನ ಹಿರಿಯರು ವೃತ್ತಕ್ಕೊಬ್ಬರಂತೆ ಪದ್ಮಾಸನ ಹಾಕಿ ಕೂತಿದ್ದರು.

ಅವರಲ್ಲೊಬ್ಬರು ಕಣ್ಣುಬಿಟ್ಟು, "ಜಾಗ ಗುರುತು ಮಾಡಿಸಿದ್ದು ಒಳ್ಳೇದಾಯ್ತು ಮಾರಾಯ್ರೆ. ಇನ್ನಿಬ್ಬರು ಸೇರಿದ್ದಾರೆ, ಎರಡು ಹೆಚ್ಚಿಗೆ ಹಾಕಿಸಿ," ಎಂದರು.

ನಾನು ಹಾಕಿಸಬೇಕಾಗಲಿಲ್ಲ. ಅವರ ಕಾಲಿಗೆ ಅಂಟಿಕೊಂಡು ಹೋದ ರೋಗವೇ ವಾರದೊಳಗೆ ಐದು ಹಾಕಿಕೊಟ್ಟಿತು.

ದಾಖಲು

ಕೊನೆಗೆ ಪಕ್ಕದ ಮನೆಯ ಅಕ್ಕನಿಗೆ ಕಟ್ಟುನಿಟ್ಟಾಗಿ ಹೇಳಿದೆ: "ಗಿಡ ಕಿತ್ತು ಸುಟ್ಟುಬಿಡಿ. ಆ ಮಣ್ಣಲ್ಲಿ ಮತ್ತೆ ಆಬೋಲಿ ನೆಡಬೇಡಿ." ತಲೆಯಾಡಿಸಿದರು.

ಸಂಜೆ ಮನೆಗೆ ಬಂದರೆ, ಆ ಬಾಡಿದ ಗಿಡ ಬುಡದ ಮಣ್ಣಿನ ಸಮೇತ ನಮ್ಮ ಸಾಲಿನ ನಟ್ಟನಡುವೆ ನಿಂತಿತ್ತು.

"ಅಕ್ಕ ನೆಟ್ಟು ಹೋದ್ರು," ಎಂದಳು ಹೆಂಡತಿ. "ಹೂ ಬಿಡೋ ಗಿಡ ಸುಡೂಕೆ ಮನಸ್ಸು ಬರಲಿಲ್ಲಂತೆ. ನೀವು ಗಿಡದ ಡಾಕ್ಟ್ರು, ನಿಮ್ಮ ಕಣ್ಣೆದುರು ಇದ್ರೆ ಗುಣ ಆಗ್ತದಂತೆ."

ಇನ್ನು ಈ ಸಾಲೂ ಮುಗಿಯಿತು ಎಂದು ಅಲ್ಲೇ ಕುಕ್ಕರಿಸಿದೆ. ನಿಜವಾಗಿಯೂ ಅಳು ಬಂತು. ಆಗ ಸಾಲಿನ ತುದಿಯಲ್ಲಿ ಒಂದು ಗುಂಡಿ ಕಂಡಿತು.

"ಇಲ್ಲಿದ್ದ ಗಿಡ ಎಲ್ಲಿ?"

"ಅಕ್ಕನಿಗೆ ಕೊಟ್ಟೆ. ಅಷ್ಟು ಪ್ರೀತಿಯಿಂದ ತಂದವರನ್ನ ಬರಿಗೈಲಿ ಕಳಸೂಕೆ ಆಗ್ತದ್ಯಾ? ಹ್ಯಾಗೂ ಅವರಲ್ಲಿ ಗುಂಡಿ ತಯಾರಿತ್ತು."