ಕತ್ತಲೆ ಧಾರಾವಾಹಿಯವರಿಗೆ ಜಿಪ್ ಕೂಡಿಸುವ ಮಾರೇಶನ ಮನವಿ

ಮಾನ್ಯ ನಿರ್ದೇಶಕ ಮಹಾಶಯರೇ,

ತಮಗೂ, ತಮ್ಮ ಕ್ಯಾಮೆರಾಕ್ಕೂ, ಅದರ ಮುಂದೆ ಉರಿಯುವ ಒಂದೇ ಒಂದು ಬಲ್ಬಿಗೂ ರಾಯದುರ್ಗದಿಂದ ಸಾಷ್ಟಾಂಗ ನಮಸ್ಕಾರಗಳು. ನಾನು ಇಲ್ಲಿನ ಅಂಬಮ್ಮನವರ ಜೀನ್ಸ್ ಹೊಲಿಯುವ ಶೆಡ್ಡಿನಲ್ಲಿ ಜಿಪ್ ಕೂಡಿಸುವವನು, ಸ್ವಂತ ಊರು ಡಿ. ಹಿರೇಹಾಳ್, ಹೆಸರು ಮಾರೇಶ. ವಾರಕ್ಕೆ ಐದು ದಿನ ಸಂಜೆ ಏಳೂವರೆಗೆ ತಾವು ದಯಪಾಲಿಸುವ ‘ನೆರಳೂರಿನ ನಿರುಪಮಾ’ ಧಾರಾವಾಹಿಯ ದೆಸೆಯಿಂದ ನನ್ನ ಮದುವೆ ನಿಂತುಹೋಗುವ ಹಂತಕ್ಕೆ ಬಂದಿದೆಯೆಂದು ತಿಳಿಸಲು, ಹಾಗೂ ತಮ್ಮನ್ನು ಮನಸಾರೆ ಹೊಗಳಲು, ಈ ಬಹಿರಂಗ ಪತ್ರ. ಹೊಗಳಿಕೆ ಮೊದಲು.

ಬಿಳಿ ಸೀರೆಯುಟ್ಟು, ಕೂದಲು ಕೆದರಿಕೊಂಡು, ಗೆಜ್ಜೆ ಸದ್ದು ಮಾಡುತ್ತ ಬರುವ ದೆವ್ವಗಳನ್ನು ನಾವು ಬೇಕಾದಷ್ಟು ನೋಡಿದ್ದೇವೆ. ಆದರೆ ನಿರುಪಮಾ ಎಂಬ ದೆವ್ವದ ಕೈಗೆ ಸಿಗರೇಟು ಕೊಟ್ಟು, ಕಪ್ಪು ರೇಷ್ಮೆ ಉಡಿಸಿ, ಕಿಟಕಿಯ ಪಟ್ಟಿಪಟ್ಟಿ ನೆರಳನ್ನು ಅದರ ಮುಖದ ಮೇಲೆ ಬೀಳಿಸಿ, ಟೋಪಿ ಮತ್ತು ಮೊಣಕಾಲುದ್ದದ ಕೋಟು ತೊಟ್ಟ ಪತ್ತೇದಾರನೊಬ್ಬನನ್ನು ಅದರ ಪ್ರೀತಿಯಲ್ಲಿ ಕೆಡವಿದ ತಮ್ಮ ಧೈರ್ಯಕ್ಕೆ ಏನು ಹೇಳಲಿ! ನಮ್ಮ ಏಪ್ರಿಲ್ ತಿಂಗಳಲ್ಲಿ ಆ ಕೋಟು ತೊಟ್ಟರೆ ಆತನೂ ಮಧ್ಯಾಹ್ನದೊಳಗೆ ದೆವ್ವವೇ. ಇನ್ನು ಮಳೆ. ನಮಗೆ ವರ್ಷಕ್ಕೆ ಬೀಳುವಷ್ಟು ಮಳೆ ತಮ್ಮಲ್ಲಿ ಒಂದೊಂದು ಕಂತಿಗೂ ಬೀಳುತ್ತಿದೆ. ಶೂಟಿಂಗ್ ಮುಗಿದ ಮೇಲೆ ಮಿಕ್ಕಿದ್ದನ್ನು ಗುಮ್ಮಘಟ್ಟದ ಕಡೆ ತಿರುಗಿಸಿದರೆ ಅಲ್ಲಿನ ಕುರಿಗಳಾದರೂ ತಮ್ಮನ್ನು ಹರಸುತ್ತವೆ.

ತಮ್ಮ ಕತ್ತಲು ಎಷ್ಟು ದಟ್ಟವೆಂದರೆ, ಶೆಡ್ಡಿನ ಟ್ಯೂಬ್‌ಲೈಟ್ ಹತ್ತಿದ್ದರೆ ಅಲ್ಲಿನ ಟಿವಿಯಲ್ಲಿ ನಮ್ಮ ಮುಖಗಳೇ ಕಾಣುತ್ತವೆಯೇ ಹೊರತು ನಿರುಪಮಾ ಕಾಣುವುದಿಲ್ಲ. ಆದ್ದರಿಂದ ನಮ್ಮ ಹೊಲಿಗೆಯವರಲ್ಲೆಲ್ಲ ಹಿರಿಯಳಾದ ತಿಪ್ಪಕ್ಕ, ಹೊಲಿಗಿ ಕೈಗೆ ಗೊತ್ತೈತಿ ಬಿಡ್ರಿ ಎಂದು ಎಲ್ಲ ದೀಪ ಆರಿಸಿ, ಕಣ್ಣು ಟಿವಿಯಲ್ಲಿಟ್ಟು ಮೆಷಿನ್ ತುಳಿದದ್ದರ ಫಲವಾಗಿ ಹದಿನೆಂಟು ಪ್ಯಾಂಟುಗಳಿಗೆ ಹಿಂದಿನ ಜೇಬುಗಳು ಮುಂದಕ್ಕೆ ಬಂದು ಕೂತಿವೆ. ಪಾದಗಳು ಹಿಂದುಮುಂದಾಗಿರುವವರಿಗಲ್ಲದೆ ಇವು ಬೇರೆ ಯಾರಿಗೂ ಒಪ್ಪುವುದಿಲ್ಲವಾದ್ದರಿಂದ, ತಮ್ಮ ನಾಯಕಿಯ ಸೊಂಟದ ಅಳತೆ ಕಳಿಸಬೇಕಾಗಿ ಅಂಬಮ್ಮನವರು ಕೇಳಿದ್ದಾರೆ.

ಜೇಬಿನ ಮಾತು ಹೋಗಲಿ, ಬಿಚ್ಚಿ ಮತ್ತೆ ಹಚ್ಚಬಹುದು. ನನ್ನ ದುಃಖ ಬೇರೆ. ಇದೇ ಶೆಡ್ಡಿನಲ್ಲಿ ಪ್ಯಾಂಟಿನ ಪಕ್ಕದ ಹೊಲಿಗೆ ಹಾಕುವ ಗುಮ್ಮಘಟ್ಟದ ಸುಜಾತಾಳಿಗೂ ನನಗೂ ವೀಳ್ಯದೆಲೆ ಶಾಸ್ತ್ರ ಮುಗಿದು, ಲಗ್ನಪತ್ರಿಕೆ ಅಚ್ಚಿಗೆ ಕೊಡುವುದಷ್ಟೇ ಬಾಕಿ ಇತ್ತು. ಅಷ್ಟರಲ್ಲಿ ತಮ್ಮ ಪತ್ತೇದಾರ, ನಗುವವನನ್ನು ನಂಬಬೇಡ, ಹೇಳದೆ ಹೋಗುವವನನ್ನು ಸುತರಾಂ ನಂಬಬೇಡ ಎಂದು ಮಳೆಯಲ್ಲಿ ನಿಂತು ತನ್ನಷ್ಟಕ್ಕೆ ತಾನೇ ಹೇಳಿಕೊಂಡ. ನಾನೋ, ಹುಟ್ಟಾ ನಗುಮುಖದವನು; ಮೇಲಾಗಿ ದಿನಾ ಏಳು ಇಪ್ಪತ್ತೈದಕ್ಕೆ ಸರಿಯಾಗಿ ಹೇಳದೆ ಕೇಳದೆ ಎದ್ದುಹೋಗಿ ಎಂಟು ಐದಕ್ಕೆ ಬರುವವನು. ಏಳೂವರಿಗೆ ಎಲ್ಲಿಗೆ ಹೋಗ್ತೀರಿ, ನಿಜ ಹೇಳ್ರಿ ಎಂದು ಸುಜಾತಾ ಕೇಳಿದಳು. ನಾನು ತೊದಲಿದೆ. ಮರುದಿನ ಸಮಾಧಾನಕ್ಕೆಂದು ಎರಡು ಮೊಳ ಮಲ್ಲಿಗೆ ತಂದುಕೊಟ್ಟರೆ, ಅಂದೇ ತಮ್ಮ ಪತ್ತೇದಾರನಿಗೆ, ಕಾರಣವಿಲ್ಲದೆ ಹೂ ತರುವ ಗಂಡಸಿನ ಕೈಯಲ್ಲಿ ರಕ್ತವಿರುತ್ತದೆ ಎಂದು ಹೊಳೆಯಬೇಕೆ? ನನ್ನ ಕೈಯಲ್ಲಿ ಇದ್ದದ್ದು ಜೀನ್ಸಿನ ನೀಲಿ, ಸ್ವಾಮಿ! ಆದರೂ, ಎಲ್ಲಿಗೆ ಹೋಗುತ್ತೇನೆಂದು ಹೇಳುವವರೆಗೆ ಪತ್ರಿಕೆ ಅಚ್ಚಾಗುವುದು ಬೇಡವೆಂದು ಆಕೆ ತಿಪ್ಪಕ್ಕನ ಕೈಲಿ ಹೇಳಿಕಳಿಸಿದ್ದಾಳೆ. ಹನ್ನೊಂದು ದಿನವಾಯಿತು, ನನಗೆ ಅನ್ನ ಸೇರುತ್ತಿಲ್ಲ.

ಆದ ಕಾರಣ, ಸುಜಾತಾಳಿಗೆ ಹೇಳಲಾಗದ್ದನ್ನು ತಮಗೆ ಹೇಳುತ್ತೇನೆ. ನಾನು ಹೋಗುವುದು ಬಸ್‌ಸ್ಟ್ಯಾಂಡಿಗೆ. ಊರಿಗೆಲ್ಲ ದೊಡ್ಡ ದೀಪ ಅಲ್ಲಿದೆ. ಅದರ ಕೆಳಗೆ ಮಿರ್ಚಿ ಬಂಡಿಯ ಪಕ್ಕ ನಿಂತು, ಎರಡು ಮಿರ್ಚಿ ತಿಂದು, ಜನರನ್ನು ನೋಡುತ್ತ ಅರ್ಧ ಗಂಟೆ ಕಳೆದು ಬರುತ್ತೇನೆ, ಅಷ್ಟೇ. ಯಾಕೆಂದರೆ ತಮ್ಮ ನಿರುಪಮಾ ಹೊಗೆಯೊಳಗಿಂದ ತಿರುಗಿ ನೋಡಿದರೆ ನನಗೆ ಕೈಕಾಲು ತಣ್ಣಗಾಗುತ್ತವೆ. ಮೊದಲ ವಾರದ ಕಂತುಗಳನ್ನು ಹೇಗೋ ನೋಡಿದೆ; ಆಮೇಲಿನದೆಲ್ಲ ತಿಪ್ಪಕ್ಕನ ಬಾಯಿಂದ ಕೇಳಿದ್ದು. ಶೇಂಗಾ ಹೊಲದಲ್ಲಿ ಒಬ್ಬನೇ ಕಾವಲು ಕೂತು ಕಾಡುಹಂದಿಗಳನ್ನು ಓಡಿಸಿದ್ದೇನೆಂದು ಸುಜಾತಾಳ ಮುಂದೆ ಮೂರು ಸಲ ಕೊಚ್ಚಿಕೊಂಡಿದ್ದೇನೆ. ಈಗ ಟಿವಿಗೆ ಹೆದರುತ್ತೇನೆಂದು ಯಾವ ಬಾಯಲ್ಲಿ ಹೇಳಲಿ? ಮೋಸಗಾರ ಅನ್ನಿಸಿಕೊಂಡರೂ ಪರವಾಗಿಲ್ಲ, ಪುಕ್ಕಲ ಅನ್ನಿಸಿಕೊಳ್ಳಬಾರದೆಂದು ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ. ಎಂಥ ದಡ್ಡ ನಾನು.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ, ನಾಳೆಯಿಂದಲೇ ನೆರಳೂರಿಗೆ ಒಂದು ಟ್ಯೂಬ್‌ಲೈಟ್ ಹಾಕಿಸಬೇಕು. ನಿರುಪಮಾ ತಿರುಗಿ ನೋಡುವ ಮುನ್ನ ಕೆಮ್ಮಿ ಸೂಚನೆ ಕೊಡಬೇಕು. ಪತ್ತೇದಾರ ಕೋಟು ಬಿಚ್ಚಿ, ಒಂದು ಲೋಟ ಮಜ್ಜಿಗೆ ಕುಡಿದು, ನಗುವ ಗಂಡಸರಲ್ಲಿ ಒಳ್ಳೆಯವರೂ ಇದ್ದಾರೆಂದು, ಅದರಲ್ಲೂ ಜಿಪ್ ಕೂಡಿಸುವವರನ್ನು ಧಾರಾಳವಾಗಿ ನಂಬಬಹುದೆಂದು, ಒಂದು ಸಲವಾದರೂ ಬಾಯಿಬಿಟ್ಟು ಹೇಳಬೇಕು. ಮಿಕ್ಕ ಕಥೆ ತಮ್ಮಿಷ್ಟ.

ಬಸ್‌ಸ್ಟ್ಯಾಂಡಿನ ದೀಪದ ಕೆಳಗಿನಿಂದ,
ತಮ್ಮ ವಿಶ್ವಾಸಿ (ಪತ್ತೇದಾರರು ಒಪ್ಪದಿದ್ದರೂ),
ಮಾರೇಶ

ಮರೆತ ಮಾತು: ಅಂಚೆಗೆ ಹಾಕುವ ಮೊದಲು ಈ ಪತ್ರ ತಿಪ್ಪಕ್ಕನ ಕೈಗೆ ಸಿಕ್ಕಿತು. ಬಹಿರಂಗ ಪತ್ರ ಅಂದಮ್ಯಾಲ ಮಡಚಿ ಇಟ್ಟರ ಹೆಂಗ ಎಂದು ಆಕೆ ಶೆಡ್ಡಿನ ನಡುವೆ ನಿಂತು ಗಟ್ಟಿಯಾಗಿ ಓದಿಯೇಬಿಟ್ಟಳು. ಸುಜಾತಾ ಮೆಷಿನ್ ಮೇಲೆ ತಲೆಯಿಟ್ಟು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಆಮೇಲೆ, ಇವತ್ತಿಂದ ನನ್ನ ಮಗ್ಗಲಾಗ ಕುಂದ್ರಿ, ಆ ನಿರುಪಮಾ ಬರೋಮುಂದ ಹೇಳ್ತೀನಿ, ಕಣ್ಣು ಮುಚ್ಚಿಕೊಳ್ರಿ ಎಂದಳು. ಪತ್ರಿಕೆ ಅಚ್ಚಿಗೆ ಹೋಗಿದೆ. ಆದ ಕಾರಣ ಟ್ಯೂಬ್‌ಲೈಟಿನ ಮನವಿಯನ್ನು ಈ ಮೂಲಕ ಹಿಂದಕ್ಕೆ ಪಡೆದಿದ್ದೇನೆ. ಇದ್ದ ಬಲ್ಬನ್ನೂ ಆರಿಸಿದರೆ ನನ್ನ ಅಭ್ಯಂತರವಿಲ್ಲ. ಹೆದರಿಕೆ ಹಾಗೇ ಇದೆ, ಆದರೆ ನಿನ್ನೆ ಕಂತು ಮುಗಿಯುವವರೆಗೆ ಸುಜಾತಾ ನನ್ನ ಕೈ ಹಿಡಿದಿದ್ದಳು. ಜಾಹೀರಾತು ಬಂದಾಗ ಮಾತ್ರ ಶೆಡ್ಡೆಲ್ಲ ಬೆಳಕಾಗಿ ಕೈ ಬಿಡಬೇಕಾಗುತ್ತದೆ. ದಯವಿಟ್ಟು ಜಾಹೀರಾತು ಕಡಿಮೆ ಮಾಡಿಸಿ.