ಮೊಮ್ಮಗಳ ನಾಟಕ, ನಮ್ಮೆಲ್ಲರ ತಾಲೀಮು

ನಾನು ಕಾಲಿಟ್ಟಲ್ಲಿ ಏನಾದರೊಂದು ಆಗಿಯೇ ಆಗುತ್ತದೆ ಅಂತ ಸೊಸೆಯ ದೂರು. ಆಗದೆ ಇರಲಿಕ್ಕೆ ನಾನೇನು ಕಂಬವಾ? ಮುಂಬಯಿಯ ಗ್ರಾಂಟ್ ರೋಡಿನ ಹೋಟೆಲಿನಲ್ಲಿ ಸಪ್ಲಾಯರ್ ಆಗಿದ್ದಾಗ ನಾನು "ಎರಡು ಮಸಾಲೆ!" ಅಂತ ಕೂಗಿದರೆ ಎದುರಿನ ಹೋಟೆಲಿನ ಭಟ್ಟರು ಕಾವಲಿಗೆ ಹಿಟ್ಟು ಹೊಯ್ಯುತ್ತಿದ್ದರು. ಸುಳ್ಳು ಅನಿಸಿದರೆ ಆ ಭಟ್ಟರನ್ನೇ ಕೇಳಿ. ತೀರಿಹೋಗಿದ್ದಾರೆ, ಅದು ಬೇರೆ ಮಾತು.

೧. ಬಾಗಿಲಿನ ಬೋರ್ಡು

ದಾದರಿನಲ್ಲಿ ನಮ್ಮ ಹೋಟೆಲಿನವರ ಸಂಘದ ಮಕ್ಕಳ ನಾಟಕ. ಮೊಮ್ಮಗಳು ರಾಣಿ. ಕಲಿಸಲಿಕ್ಕೆ ಅಂಧೇರಿಯಿಂದ ಬರುವ ಡೈರೆಕ್ಟರ್ ಮೇಷ್ಟ್ರು, "ಇವಳ ಸ್ವರ ಕಡೇ ಸಾಲಿಗೆ ಮುಟ್ಟುವುದಿಲ್ಲ. ಹೀಗೇ ಆದರೆ ಪಾರ್ಟು ಬೇರೆ ಹುಡುಗಿಗೆ" ಅಂದರಂತೆ. ಮಗು ಲೋಕಲ್ ಟ್ರೇನಿನಲ್ಲಿ ದಾರಿಯುದ್ದಕ್ಕೂ ಅತ್ತಿತು.

ಮುಂದಿನ ಭಾನುವಾರ ನಾನು ಸೀದಾ ಹಾಲ್ ಒಳಗೆ ಹೋದೆ.

"ಅಜ್ಜಾ, ಅಂದರ್ ಬರಬೇಡಿ, ಸರ್ ಗುಸ್ಸಾ ಆಗ್ತಾರೆ" ಅಂತ ಮೊಮ್ಮಗಳು ಅಂಗಿ ಎಳೆದಳು.

ಮೇಷ್ಟ್ರು ಬಂದರು. "ಅಂಕಲ್, ಬೋರ್ಡ್ ನೋಡಲಿಲ್ವಾ? ಅಪ್ಪ-ಅಮ್ಮ ಒಳಗೆ ಬರಬಾರದು ಅಂತ ಬರೆದಿದೆ."

"ಶಾಲೆಯ ಮುಖ ನೋಡದವನಿಗೆ ಬೋರ್ಡು ತೋರಿಸುವುದು ನಿಮ್ಮ ತಪ್ಪು. ಮೇಲಾಗಿ ನಾನು ಅಪ್ಪನೂ ಅಲ್ಲ, ಅಮ್ಮನೂ ಅಲ್ಲ" ಅಂತ ಕುರ್ಚಿ ಎಳೆದು ಕೂತೆ.

ನನ್ನ ಹಿಂದೆಯೇ ಉಳಿದ ಅಪ್ಪ-ಅಮ್ಮಂದಿರೂ ನುಗ್ಗಿದರು. ಅವರಿಗೆಲ್ಲ ಓದಲಿಕ್ಕೆ ಚೆನ್ನಾಗಿ ಬರುತ್ತಿತ್ತು.

೨. ವಿಷದ ಬಜೆ

ಕಥೆಯಲ್ಲಿ ರಾಜ ವಿಷದ ಊಟ ಉಂಡು ಸಾಯಬೇಕು. ತಟ್ಟೆಯಲ್ಲಿ ಥರ್ಮಾಕೋಲಿನ ಲಾಡು. ರಾಜನಾದ ಹುಡುಗನ ಅಪ್ಪ ಹೋಟೆಲ್ ಧಣಿ. "ನನ್ನ ಮಗನಿಗೆ ಥರ್ಮಾಕೋಲಾ?" ಅಂತ ಹೋಟೆಲಿನಿಂದ ಬಿಸಿ ಬಿಸಿ ಗೋಳಿಬಜೆ, ಚಟ್ನಿ ತರಿಸಿದರು.

ರಾಜ ಒಂದು ತಿಂದ. ಇನ್ನೊಂದು ತಿಂದ. ಸಾಯಲೇ ಇಲ್ಲ.

"ಸಾಯೋ!" ಮೇಷ್ಟ್ರು ಕೂಗಿದರು.

"ಸರ್, ಏಕ್ ಮಿನಿಟ್. ಇನ್ನೂ ಉಂಟು."

ಆಗ ಧಣಿಗೆ ಕಥೆ ತಲೆಗೆ ಹತ್ತಿತು. ಎದ್ದು ನಿಂತರು. "ಏನು ಮೇಷ್ಟ್ರೇ, ನಮ್ಮ ಬಜೆ ತಿಂದು ರಾಜ ಸಾಯುವುದಾ? ನಾಳೆ ನನ್ನ ಹೋಟೆಲಿಗೆ ಯಾರು ಬರುತ್ತಾರೆ? ಕಥೆ ಬದಲಿಸಿ!"

"ಬದಲಿಸಲೇಬೇಕು!" ಅಂತ ನಾನೂ ಮೇಜು ಗುದ್ದಿದೆ. ಅನ್ನದ ಮರ್ಯಾದೆಯ ಪ್ರಶ್ನೆ.

ಕೊನೆಗೆ ರಾಜನಿಗೆ ಹಾವು ಕಚ್ಚಿಸಿದರು. ಹಾವಿನ ಪರವಾಗಿ ಮಾತಾಡಲಿಕ್ಕೆ ಯಾರ ಅಪ್ಪನೂ ಇರಲಿಲ್ಲ.

೩. ಪಾರಿವಾಳ

ಮೊಮ್ಮಗಳ ಸ್ವರದ ಕೆಲಸ ನಾನೇ ಕೈಗೆತ್ತಿಕೊಂಡೆ. ಬಿಲ್ಡಿಂಗಿನ ಗ್ಯಾಲರಿಯಲ್ಲಿ ನಿಲ್ಲಿಸಿ, "ಗಂಟಲಿನಿಂದ ಅಲ್ಲ ಮಗಾ, ಹೊಟ್ಟೆಯಿಂದ. ಕಿಚನ್ ದೂರ ಉಂಟು, ಗಿರಾಕಿ ಎದ್ದು ಹೋಗುತ್ತಿದ್ದಾನೆ ಅಂತ ಎಣಿಸು" ಅಂದೆ. ಮೊದಲು ಬೆಕ್ಕಿನ ಮರಿಯಂತೆ ಕೂಗಿದಳು. ಆಮೇಲೆ ಒಂದು ದಿನ ಎಂಥ ಕೂಗು ಕೂಗಿದಳೆಂದರೆ ಎದುರು ಮನೆಯ ಕುಕ್ಕರ್ ಹೆದರಿ ಸೀಟಿ ನಿಲ್ಲಿಸಿತು!

ಸೊಸೆಗೆ ಗಾಬರಿ. "ಮಾವಾ, ಸಾಕು. ಬಿಲ್ಡಿಂಗ್ ಸೊಸೈಟಿಯವರು ಬಂದು ಜಗಳ ಮಾಡುತ್ತಾರೆ."

"ಬರಲಿ, ನಾನಿದ್ದೇನೆ."

ಬಂದೇಬಿಟ್ಟರು, ಸೊಸೈಟಿಯ ಮರಾಠಿ ಸೆಕ್ರೆಟರಿ. ನಾನು ಲುಂಗಿ ಎತ್ತಿ ಕಟ್ಟಿ ಬಾಗಿಲಲ್ಲಿ ನಿಂತೆ. ಅವರು ಕೈ ಮುಗಿದರು. "ಆಜೋಬಾ, ಬಲೆ ಕಟ್ಟಿದರೂ ಹೋಗದಿದ್ದ ಪಾರಿವಾಳ ಈಗ ಈ ಕಡೆ ಒಂದೂ ಇಲ್ಲ. ನಾಳೆ ಹುಡುಗಿಯನ್ನು ಹಿಂದಿನ ಬದಿಗೂ ಕಳಿಸ್ತೀರಾ?"

೪. ಕಡೇ ಸಾಲು

ನಾಟಕದ ದಿನ ಹಾಲ್ ಭರ್ತಿ. ಎಲ್ಲ ನಮ್ಮ ಹೋಟೆಲಿನವರೇ, ಧಣಿಗಳು, ಭಟ್ಟರು, ಸಪ್ಲಾಯರ್‌ಗಳು. ಮೇಷ್ಟ್ರು ನನ್ನನ್ನು ಪರದೆಯ ಪಕ್ಕದಲ್ಲಿ, ತಮ್ಮ ಕಣ್ಣೆದುರೇ ಕೂರಿಸಿಕೊಂಡರು. "ಅಂಕಲ್, ಅವಳ ಸ್ವರ ಇಂದು ಏಳದಿದ್ದರೆ ಮುಂದಿನ ಶೋಗೆ ಬೇರೆ ಹುಡುಗಿ. ನೀವು ಮಾತ್ರ ಬಾಯಿ ಬಿಡಬಾರದು."

ಬಿಡಲಿಲ್ಲ. ನನ್ನ ಜನ್ಮದಲ್ಲೇ ಅಷ್ಟು ಹೊತ್ತು ಸುಮ್ಮನೆ ಕೂತವನಲ್ಲ.

ಹಾವು ಕಚ್ಚಿತು. ರಾಜ ಬಿದ್ದ. ರಾಣಿ ಕೈಯೆತ್ತಿ ಕೂಗಿದಳು: "ಯಾರಲ್ಲಿ? ಬೇಗ ಬನ್ನಿ!"

ರಂಗದ ಮೇಲಿನ ಸೈನಿಕರು ಬೆಚ್ಚಿ ಅಲ್ಲೇ ನಿಂತರು. ಆದರೆ ಕೆಳಗೆ ಅರ್ಧ ಹಾಲ್ ಎದ್ದು ನಿಂತಿತು. "ಬಂದೇ! ಬಂದೇ!" ಟೇಬಲ್ ಒರೆಸುತ್ತ ಬೆಳೆದ ಜನ, ಕರೆದರೆ ಕಾಲು ಕೇಳುತ್ತದಾ? ಕಡೇ ಸಾಲಿನಲ್ಲಿದ್ದ ಸಂಘದ ಅಧ್ಯಕ್ಷರು, ಈಗ ದೊಡ್ಡ ಧಣಿ, ಒಂದು ಕಾಲದ ಸಪ್ಲಾಯರ್, ಕೋಟು ಹಾಕಿಕೊಂಡೇ ಓಡಿಬಂದು ರಂಗದ ಕೆಳಗೆ ನಿಂತರು. ಹಿಂದೆ ಆ ಸಾಲಿನ ಉಳಿದವರೂ.

"ಏನು ಬೇಕಮ್ಮಾ?"

ರಾಣಿ ಒಂಚೂರೂ ಹೆದರಲಿಲ್ಲ. "ವೈದ್ಯರನ್ನು ಕರೆಸಿ!"

"ಆಯ್ತಮ್ಮಾ" ಅಂತ ಅಧ್ಯಕ್ಷರು ತಿರುಗಿದರು.

ನಾನು ಮೇಷ್ಟ್ರ ಕಡೆ ಬಾಗಿದೆ. "ಈಗ ಹೇಳಿ ಮೇಷ್ಟ್ರೇ. ಸ್ವರ ಕಡೇ ಸಾಲಿಗೆ ಮುಟ್ಟಿತಾ?"

ಅವರು ತಲೆ ಮೇಲೆ ಕೈ ಹೊತ್ತಿದ್ದರು. "ಅಂಕಲ್, ಕಡೇ ಸಾಲೇ ಇಲ್ಲಿಗೆ ಬಂದಿದೆ."